ಗೆದ್ದೆತ್ತಿನ ಬಾಲ ಹಿಡಿಯುವ ಮನಸ್ಸು

2007ರ ಮಾರ್ಚ್ 17ರಂದು ಪೋರ್ಟ್ ಆಫ್ ಸ್ಪೇನ್‌ನಲ್ಲಿ ರಾಹುಲ್ ದ್ರಾವಿಡ್ ನಾಯಕತ್ವದ ಭಾರತ ತಂಡ ಬಾಂಗ್ಲಾದೇಶಕ್ಕೆ ಐದು ವಿಕೆಟ್‌ಗಳಿಂದ ಸೋತಿತು. ವಾರ ಕಳೆಯುವುದರೊಳಗೆ ಶ್ರೀಲಂಕಾಕ್ಕೂ ಮಣಿದು ವಿಶ್ವಕಪ್‌ನ ಮೊದಲ ಸುತ್ತಿನಲ್ಲೇ ಹೊರಬಿತ್ತು. ರಾಂಚಿಯಲ್ಲಿ ಇನ್ನೂ ಕಟ್ಟುತ್ತಿದ್ದ ಧೋನಿಯ ಮನೆಗೆ ಜನ ನುಗ್ಗಿ ದಾಂಧಲೆ ಎಬ್ಬಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಧೋನಿಯ ತಂಡ ಜೊಹಾನೆಸ್‌ಬರ್ಗ್‌ನಲ್ಲಿ ಪಾಕಿಸ್ತಾನವನ್ನು ಐದು ರನ್‌ಗಳಿಂದ ಮಣಿಸಿ ಟಿ20 ವಿಶ್ವಕಪ್ ತಂದಾಗ, ಮುಂಬೈಯ ಬೀದಿಗಳಲ್ಲಿ ತೆರೆದ ಬಸ್ಸಿನ ಸುತ್ತ ಜನಸಾಗರ.

ಇಂಥವರನ್ನು ನಾವು ಗೆದ್ದೆತ್ತಿನ ಬಾಲ ಹಿಡಿಯುವವರೆಂದು ಹಳಿಯುತ್ತೇವೆ. ಆದರೆ ಈ ಚಪಲಕ್ಕೊಂದು ಮನೋವಿಜ್ಞಾನವಿದೆ. ಅದರ ಮೊದಲ ಪುಟ ಬರೆದವರು ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು. 1973ರ ಅಮೆರಿಕನ್ ಫುಟ್‌ಬಾಲ್ ಋತುವಿನಲ್ಲಿ ಅವರು ಏಳು ವಿಶ್ವವಿದ್ಯಾಲಯಗಳ ತರಗತಿಗಳಲ್ಲಿ ಪ್ರತಿ ಸೋಮವಾರ ಒಂದೇ ಒಂದು ಲೆಕ್ಕ ಬರೆಸಿಕೊಂಡರು: ಎಷ್ಟು ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದ ಹೆಸರೋ ಲಾಂಛನವೋ ಇರುವ ಬಟ್ಟೆ ತೊಟ್ಟು ಬಂದಿದ್ದಾರೆ? ವಾರಾಂತ್ಯದಲ್ಲಿ ತಂಡ ಗೆದ್ದಿದ್ದರೆ ಆ ಸಂಖ್ಯೆ ಏರುತ್ತಿತ್ತು. ಮೈದಾನಕ್ಕಿಳಿದವರು ಹನ್ನೊಂದು ಮಂದಿ, ಎದೆಯುಬ್ಬಿಸಿ ನಡೆದದ್ದು ಇಡೀ ಕಾಲೇಜು.

ನಿಜವಾದ ಜಾಣ್ಮೆ ಇರುವುದು ಎರಡನೆಯ ಪ್ರಯೋಗದಲ್ಲಿ. ಸಮೀಕ್ಷೆಯ ನೆಪದಲ್ಲಿ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಆರು ಪ್ರಶ್ನೆ ಕೇಳಿದರು. ಉತ್ತರ ಏನೇ ಬರಲಿ, ಕೆಲವರಿಗೆ ‘ಚೆನ್ನಾಗಿ ಮಾಡಿದಿರಿ’ ಎಂದರು, ಕೆಲವರಿಗೆ ‘ತೀರಾ ಕಳಪೆ’ ಎಂದರು. ಆಮೇಲೆ, ಮೊನ್ನೆಯ ಪಂದ್ಯ ಏನಾಯಿತು ಎಂದು ವಿಚಾರಿಸಿದರು. ಗೆದ್ದ ಪಂದ್ಯವಾದರೆ ‘ನಾವು ಗೆದ್ದೆವು’ ಎಂಬ ಉತ್ತರ ಹೆಚ್ಚು. ಸೋತದ್ದಾದರೆ ಆ ‘ನಾವು’ ಹಿಂದೆ ಸರಿದು ‘ಅವರು ಸೋತರು’ ಎಂಬುದು ಮುಂದೆ ಬರುತ್ತಿತ್ತು. ಈ ವ್ಯತ್ಯಾಸ ಎದ್ದು ಕಂಡದ್ದು ಆಗಷ್ಟೇ ‘ಕಳಪೆ’ ಅನ್ನಿಸಿಕೊಂಡವರಲ್ಲಿ! ತಮ್ಮ ಮರ್ಯಾದೆಗೆ ಪೆಟ್ಟು ಬಿದ್ದವರೇ ಪರರ ಕೀರ್ತಿಯ ಬಿಸಿಲಿಗೆ ಹೆಚ್ಚು ಮೈಯೊಡ್ಡುತ್ತಾರೆ. ಐವತ್ತು ವರ್ಷ ಹಳೆಯದಾದರೂ ಈ ಪ್ರಯೋಗದ ಸರಳತೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ದುಬಾರಿ ಯಂತ್ರವಿಲ್ಲ, ಮಿದುಳಿನ ಬಣ್ಣಬಣ್ಣದ ಚಿತ್ರವಿಲ್ಲ, ಒಂದು ಫೋನ್ ಮತ್ತು ಒಂದು ಸರ್ವನಾಮ, ಅಷ್ಟೇ.

1986ರಲ್ಲಿ ಸ್ನೈಡರ್ ಮತ್ತಿತರರು ಇದರ ಇನ್ನೊಂದು ಮುಖವನ್ನು ತೋರಿಸಿದರು: ಸೋತ ಗುಂಪಿನವರು ತಂಡದ ಬ್ಯಾಡ್ಜ್ ತೊಡಲು ಹಿಂಜರಿಯುತ್ತಾರೆ. 1990ರಲ್ಲಿ ವಾನ್ ಮತ್ತು ಬ್ರಾನ್ಸ್‌ಕೂಂಬ್ ಅಭಿಮಾನಿಗಳನ್ನೇ ಬೇರ್ಪಡಿಸಿ ನೋಡಿದರು. ತಂಡವನ್ನು ತಮ್ಮ ಗುರುತಿನ ಭಾಗವಾಗಿಸಿಕೊಂಡವರು ಗೆಲುವಿನಲ್ಲಿ ಹೆಚ್ಚು ಬೀಗುತ್ತಾರೆ, ಆದರೆ ಸೋಲಿನಲ್ಲಿ ಕೈಬಿಡುವುದು ಕಡಿಮೆ. ನಮ್ಮ ಆರ್‌ಸಿಬಿ ಅಭಿಮಾನಿಗಳನ್ನು ನೋಡಿದರೆ ಇದನ್ನು ನಂಬಲು ಕಷ್ಟವಿಲ್ಲ. 2009, 2011, 2016ರ ಫೈನಲ್‌ಗಳಲ್ಲಿ ಸೋಲು, 2017ರಲ್ಲಿ ಕೋಲ್ಕತ್ತಾ ಎದುರು 49ಕ್ಕೆ ಆಲೌಟ್. ಇಷ್ಟಾದರೂ 2025ರಲ್ಲಿ ಕಪ್ ಕೈಗೆ ಬರುವವರೆಗೆ ‘ಈ ಸಲ ಕಪ್ ನಮ್ದೇ’ ಎಂಬ ಕೂಗು ಅಡಗಲಿಲ್ಲ. ಸೋತ ತಂಡದ ಜತೆಗೂ ಉಳಿಯುವ ‘ನಮ್ದು’ ಅದು.

1994ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನೋಡಿದ ಬ್ರೆಜಿಲ್ ಅಭಿಮಾನಿಗಳಲ್ಲಿ ಟೆಸ್ಟೊಸ್ಟೆರಾನ್ ಏರಿತು, ಇಟಲಿಯವರಲ್ಲಿ ಇಳಿಯಿತು ಎಂಬ ಅಧ್ಯಯನ ಮತ್ತೆ ಮತ್ತೆ ಸುದ್ದಿಯಾಗುತ್ತದೆ. ಪರೀಕ್ಷೆಗೆ ಒಳಗಾದವರು ಒಂದು ಪುಟ್ಟ ಗುಂಪಿನ ಗಂಡಸರು ಮಾತ್ರ. ಅಷ್ಟರಿಂದಲೇ ಅಭಿಮಾನವೆಲ್ಲ ಹಾರ್ಮೋನಿನ ಆಟ ಎಂದು ಸಾರುವುದು ಅವಸರ.

ಮ್ಯೂನಿಕ್‌ನ ವೈದ್ಯರ ಲೆಕ್ಕ ಹಾಗಲ್ಲ. 2006ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜರ್ಮನಿ ಆಡಿದ ದಿನಗಳಂದು ಆ ನಗರ ಮತ್ತು ಸುತ್ತಲ ಪ್ರದೇಶದಲ್ಲಿ ಹೃದಯ ಸಂಬಂಧಿ ತುರ್ತು ಪ್ರಕರಣಗಳು ಮಾಮೂಲಿಗಿಂತ 2.66 ಪಟ್ಟಾದವು, ಗಂಡಸರಲ್ಲಿ 3.26 ಪಟ್ಟು. ಅರ್ಜೆಂಟೀನಾ ಎದುರಿನ ಕ್ವಾರ್ಟರ್ ಫೈನಲ್ ದಿನವೂ ಪ್ರಕರಣಗಳು ಬಹಳ ಏರಿದ್ದವು. ಪೆನಾಲ್ಟಿ ಶೂಟೌಟ್‌ವರೆಗೆ ಹೋದ ಆ ಪಂದ್ಯವನ್ನು ಜರ್ಮನಿ ಗೆದ್ದಿತ್ತು. ಅಂದರೆ ಎದೆಗೆ ಭಾರವಾಗುವುದು ಸೋಲೊಂದೇ ಅಲ್ಲ, ಉಸಿರು ಬಿಗಿಹಿಡಿದು ಕೂತ ಆ ಹೊತ್ತೂ ಹೌದು. ಮೊದಲೇ ಹೃದ್ರೋಗವಿದ್ದವರಿಗೆ ಇಂಥ ಪಂದ್ಯಗಳ ಸಂದರ್ಭದಲ್ಲಿ ಮುಂಜಾಗ್ರತೆಯ ಕ್ರಮಗಳು ಬೇಕೆಂದು ಆ ವೈದ್ಯರು ಬರೆದರು. ತಂಡ ಸೋಲುವ ಸೂಚನೆ ಕಂಡೊಡನೆ ಟಿವಿ ಆರಿಸಿ ಮಲಗುವವರನ್ನು ಗೇಲಿ ಮಾಡುವ ಮುನ್ನ ಈ ಅಂಕಿಗಳನ್ನೂ ನೋಡಬೇಕು.