ಲ್ಯಾಪ್‌ಟಾಪ್‌ಗೆ ಯಾವ ಸ್ಪೀಡಿನ ರ‍್ಯಾಮ್ ಬೇಕು?

ಪಿಯುಸಿ ಮುಗಿಸಿ ಬಿ.ಕಾಂ., ಬಿಸಿಎ ಸೇರುವವರ ಮನೆಗಳಲ್ಲಿ ಲ್ಯಾಪ್‌ಟಾಪ್‌ನದೇ ಮಾತು. ಹೊಸದಕ್ಕೆ ಹಣ ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ಕೊಂಡು ರ‍್ಯಾಮ್ ಹೆಚ್ಚಿಸಿಕೊಳ್ಳುತ್ತೇವೆ. ಆಗ ಅಂಗಡಿಯವರು ಕೇಳುತ್ತಾರೆ: "2400 ಬೇಕಾ, 3200 ಬೇಕಾ?" 3200ಕ್ಕೆ ಬೆಲೆ ಹೆಚ್ಚು ಹೇಳಿದರೆ ಕೊಡಬೇಕೇ? ಇದಕ್ಕೆ ಉತ್ತರವನ್ನು ನಾವೇ ಮನೆಯಲ್ಲಿ ಹುಡುಕಬಹುದು.

ಸ್ಪೀಡ್ ಎಂದರೇನು?

ನಾವು ತೆರೆದ ಟ್ಯಾಲಿ, ಎಕ್ಸೆಲ್, ಕ್ರೋಮ್ ಎಲ್ಲವೂ ಕೆಲಸ ಮುಗಿಯುವವರೆಗೆ ರ‍್ಯಾಮ್‌ನಲ್ಲಿ ಇರುತ್ತವೆ. 2400 ಎಂದರೆ ಸೆಕೆಂಡಿಗೆ 240 ಕೋಟಿ ಸಲ ಮಾಹಿತಿ ಸಾಗಿಸುವ ಶಕ್ತಿ. ಒಂದು ಸಲಕ್ಕೆ 8 ಬೈಟ್. ಗುಣಿಸಿದರೆ ಸೆಕೆಂಡಿಗೆ 19.2 ಜಿಬಿ. 3200 ಆದರೆ 25.6 ಜಿಬಿ.

ಆದರೆ ರ‍್ಯಾಮ್ ಒಂದೇ ವೇಗವಾದರೆ ಸಾಲದು. ನಮ್ಮೂರಿನ ಆರ್‌ಟಿಪಿಎಸ್ ನೋಡಿ. 210 ಮೆಗಾವ್ಯಾಟ್‌ನ ಘಟಕಕ್ಕೆ ಕಲ್ಲಿದ್ದಲಿನ ಬೆಲ್ಟ್ ಎಷ್ಟೇ ಜೋರಾಗಿ ಓಡಿಸಿದರೂ ಅದು 250 ಮೆಗಾವ್ಯಾಟ್ ಘಟಕ ಆಗುವುದಿಲ್ಲ. ಲ್ಯಾಪ್‌ಟಾಪ್‌ನಲ್ಲೂ ಹಾಗೆಯೇ. ಪ್ರೊಸೆಸರ್‌ನ ಮಿತಿ 2400 ಇದ್ದರೆ 3200ರ ರ‍್ಯಾಮ್ ಕೂಡ 2400ರಲ್ಲೇ ಓಡುತ್ತದೆ. ಎರಡು ಬೇರೆ ಸ್ಪೀಡಿನ ರ‍್ಯಾಮ್ ಒಟ್ಟಿಗೆ ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ.

ಮನೆಯಲ್ಲೇ ನೋಡುವ ಕ್ರಮ

1. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ನಂತರ ಮೆಮೊರಿ ತೆರೆಯಿರಿ. ಈಗಿನ ಸ್ಪೀಡ್, ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂಬುದು ಕಾಣುತ್ತದೆ.

2. ಅಲ್ಲೇ ಸಿಪಿಯು ಒತ್ತಿ ಪ್ರೊಸೆಸರ್ ಹೆಸರು ಬರೆದುಕೊಳ್ಳಿ. ಅದರ ಮಿತಿಯನ್ನು ತಯಾರಕರ ವೆಬ್‌ಸೈಟ್‌ನಲ್ಲಿ ಕೊಟ್ಟಿರುತ್ತಾರೆ. ಇಂಟೆಲ್ ಐ5-8250ಯುಗೆ ಡಿಡಿಆರ್4 ಮಿತಿ 2400. ಐ3-1115ಜಿ4ಗೆ 3200. ಐ5 ಎಂದ ಮಾತ್ರಕ್ಕೆ ಮಿತಿ ಹೆಚ್ಚಿರುವುದಿಲ್ಲ, ಯಾವ ಪೀಳಿಗೆಯದು ಎಂಬುದು ಮುಖ್ಯ.

3. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕೆಳಗಿನ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಸ್ಲಾಟೇ ಇಲ್ಲದಿದ್ದರೆ ಅಂಥದ್ದಕ್ಕೆ ಮುಂದೆ ರ‍್ಯಾಮ್ ಹೆಚ್ಚಿಸಲು ಆಗದು. ಕೊಳ್ಳುವ ಮೊದಲೇ ಕೇಳಿ.

ನಮ್ಮ ಮನೆಯ ಲೆಕ್ಕ

ನಮ್ಮ ಆಪಾ ಬಿ.ಕಾಂ. ಓದುತ್ತಿದ್ದಾರೆ. ಅವರ ಹಳೆಯ ಲ್ಯಾಪ್‌ಟಾಪ್ ಐ5-8250ಯು, ಒಳಗೆ 4 ಜಿಬಿಯ ಒಂದೇ ರ‍್ಯಾಮ್, ಇನ್ನೊಂದು ಸ್ಲಾಟ್ ಖಾಲಿ. ಟ್ಯಾಲಿ ಜೊತೆ ಕ್ರೋಮ್ ತೆರೆದರೆ ನಿಂತುಬಿಡುತ್ತಿತ್ತು. ಅಂಗಡಿಯಲ್ಲಿ 3200 ಹಾಕಿಸಿ ಎಂದರು. "ರಫ್ತಾರ್ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವೇನಪ್ಪಾ?" ಎಂದು ಅಬ್ಬಾ ಕೇಳಿದರು. ನಾನು ಮಿತಿ ತೋರಿಸಿದೆ. ತೊಂದರೆ ಇದ್ದದ್ದು ವೇಗದಲ್ಲಿ ಅಲ್ಲ, ಜಾಗದಲ್ಲಿ. ರ‍್ಯಾಮ್ ತುಂಬಿದಾಗ ವಿಂಡೋಸ್ ಹೆಚ್ಚಿನದನ್ನು ಹಾರ್ಡ್ ಡಿಸ್ಕ್‌ಗೆ ಇಳಿಸುತ್ತದೆ. ಡಿಸ್ಕ್ ರ‍್ಯಾಮ್‌ಗಿಂತ ಬಹಳ ನಿಧಾನ. ಆದ್ದರಿಂದ 2400ರ ಇನ್ನೊಂದು 4 ಜಿಬಿ ಹಾಕಿಸಿದೆವು. ಈಗ ಟ್ಯಾಲಿ, ಎಕ್ಸೆಲ್, ಕ್ರೋಮ್ ಮೂರೂ ಒಟ್ಟಿಗೆ ನಡೆಯುತ್ತವೆ. ಉಳಿದ ಹಣ ಆಪಾ ಅವರ ಪುಸ್ತಕಕ್ಕೆ ಹೋಯಿತು.

ಜೋಡಿಯಿಂದ ಇನ್ನೊಂದು ಲಾಭವಿದೆ. ಇಂಥ ಪ್ರೊಸೆಸರ್ ಎರಡು ರ‍್ಯಾಮ್‌ಗಳಿಂದ ಒಮ್ಮೆಗೇ ಮಾಹಿತಿ ಪಡೆಯುತ್ತದೆ. ಎರಡು 2400 ಸೇರಿದರೆ ಲೆಕ್ಕದಲ್ಲಿ 38.4 ಜಿಬಿ. ಒಂದೇ 3200 ಕೊಡುವುದು 25.6 ಮಾತ್ರ.

ಹಾಗಾದರೆ 3200 ಬೇಡವೇ?

ಪ್ರೊಸೆಸರ್ ಮಿತಿ 3200 ಇದ್ದರೆ, ಮೊದಲಿರುವ ರ‍್ಯಾಮ್ ಕೂಡ ಅದೇ ಆಗಿದ್ದರೆ ಖಂಡಿತ ತೆಗೆದುಕೊಳ್ಳಿ. ಎರಡಕ್ಕೂ ಒಂದೇ ಬೆಲೆ ಹೇಳಿದರೂ ತೆಗೆದುಕೊಳ್ಳಬಹುದು, ಸಾಮಾನ್ಯವಾಗಿ ಅದು ಕಡಿಮೆ ವೇಗಕ್ಕೆ ಹೊಂದಿಕೊಳ್ಳುತ್ತದೆ. ಹೆಚ್ಚು ಹಣ ಕೇಳಿದರೆ ಮಾತ್ರ ಯೋಚಿಸಿ. ಅದೇ ಹಣದಲ್ಲಿ 4 ಜಿಬಿ ಬದಲು 8 ಜಿಬಿ ಸಿಗುತ್ತದೆಯೇ ಕೇಳಿ. ಹಾಕಿಸಿದ ಮೇಲೆ ಅಂಗಡಿಯಲ್ಲೇ ಲ್ಯಾಪ್‌ಟಾಪ್ ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಬಿ ಮತ್ತು ಸ್ಪೀಡ್ ಎರಡನ್ನೂ ನೋಡಿ. ವಾರಂಟಿ ಬರೆದ ಬಿಲ್ ತೆಗೆದುಕೊಂಡೇ ಹಣ ಕೊಡಿ.