ಕಾರ್ಬನ್ ಫೈಬರ್ ಬಿಡಿಭಾಗಗಳು: ಕಾವಿನಲ್ಲಿರುವಾಗಲೇ ದೋಷ ಪತ್ತೆ

ಕಾರ್ಬನ್ ಫೈಬರ್ ಕಾಂಪೋಸಿಟ್ ಬೆಂಗಳೂರಿಗೆ ಹೊಸದಲ್ಲ. 2001ರ ಜನವರಿ 4ರಂದು ಇಲ್ಲಿ ಮೊದಲು ಹಾರಿ, 2003ರಲ್ಲಿ ತೇಜಸ್ ಎಂಬ ಹೆಸರು ಪಡೆದ ಲಘು ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಕಾಂಪೋಸಿಟ್ ಇದೆ. ಅದರ ಬಾಲದ ಭಾಗಗಳ ಅಭಿವೃದ್ಧಿಯಲ್ಲಿ ನಗರದ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನ ಪಾತ್ರ ದೊಡ್ಡದು. ಕಾಂಪೋಸಿಟ್ ಬೇಯಿಸುವ ಆಟೊಕ್ಲೇವ್‌ಗಳನ್ನೂ ಆ ಸಂಸ್ಥೆ ದೇಶೀಯವಾಗಿ ರೂಪಿಸಿತು.

ಹೊರಮಾವು, ಕೆ.ಆರ್. ಪುರ ಕಡೆಯ ಸಣ್ಣ ಉದ್ಯಮಿಗಳು ಲೋಹದ ಕೆಲಸದಿಂದ ಇತ್ತ ಹೊರಳುವುದಾದರೆ ಒಂದು ವ್ಯತ್ಯಾಸವನ್ನು ಮೊದಲೇ ಅರಿತಿರಬೇಕು. ಅಲ್ಯೂಮಿನಿಯಂ ಎರಕ ಕೆಟ್ಟರೆ ಮತ್ತೆ ಕರಗಿಸಬಹುದು. ಎಪಾಕ್ಸಿ ರಾಳ ಒಮ್ಮೆ ಗಟ್ಟಿಯಾದರೆ ಕರಗದು. ದುಬಾರಿ ನಾರು, ಕೂಲಿ, ವಿದ್ಯುತ್ ಎಲ್ಲವೂ ತಿರಸ್ಕೃತ ಮಾಲಿನೊಡನೆ ಹೋಗುತ್ತವೆ. ಅಲ್ಟ್ರಾಸಾನಿಕ್ ತಪಾಸಣೆ ದೋಷವನ್ನು ತೋರಿಸುವುದೇನೋ ನಿಜ, ಆದರೆ ನಷ್ಟವಾದ ನಂತರ.

ರಾಳ ಸವರಿದ ನಾರಿನ ಪದರಗಳನ್ನು ಅಚ್ಚಿನ ಮೇಲೆ ಜೋಡಿಸಿ, ವ್ಯಾಕ್ಯೂಮ್ ಚೀಲದಲ್ಲಿ ಮುಚ್ಚಿ, ಆಟೊಕ್ಲೇವ್‌ನಲ್ಲಿ ಸುಮಾರು 180 ಡಿಗ್ರಿ ಸೆಲ್ಸಿಯಸ್ ಕಾವು ಹಾಗೂ ಆರೇಳು ವಾತಾವರಣದಷ್ಟು ಒತ್ತಡ ಕೊಡುವುದು ವಿಮಾನೋದ್ಯಮದ ರೂಢಿ. ಕಾವೇರಿದಂತೆ ರಾಳ ಮೊದಲು ತೆಳುವಾಗಿ ಹರಿದು, ಆಮೇಲೆ ಜೆಲ್ ಆಗುತ್ತದೆ. ಹರಿಯುವ ಆ ಅಲ್ಪಾವಧಿಯಲ್ಲೇ ಗಾಳಿ, ತೇವಾಂಶ ಹೊರಬೀಳಬೇಕು. ತಪ್ಪಿದರೆ ಗುಳ್ಳೆಗಳು ಅಲ್ಲೇ ಸೆರೆಯಾಗುತ್ತವೆ. ಗುಳ್ಳೆಯ ಪ್ರಮಾಣ ಶೇ. 1ರಷ್ಟು ಏರಿದರೆ ಪದರಗಳ ನಡುವಣ ಬಲ ಸುಮಾರು ಶೇ. 7ರಷ್ಟು ಕುಗ್ಗುತ್ತದೆಂಬುದು ಈ ಕ್ಷೇತ್ರದ ಸಾಮಾನ್ಯ ಲೆಕ್ಕ.

ಆದ್ದರಿಂದ ನಿಗಾ ಇಡಬೇಕಾದುದು ಜೆಲ್‌ಗೆ ಮುನ್ನ. ಥರ್ಮೋಕಪಲ್‌ಗಳನ್ನು ಆಟೊಕ್ಲೇವ್‌ನ ಗಾಳಿಯಲ್ಲಷ್ಟೇ ಇಟ್ಟರೆ ಸಾಲದು, ಅಚ್ಚಿನ ಮೇಲೂ, ಭಾಗದ ಕತ್ತರಿಸಿ ತೆಗೆಯುವ ಅಂಚಿನಲ್ಲೂ ಇರಿಸಬೇಕು. ದಪ್ಪ ಭಾಗಗಳಲ್ಲಿ ರಾಳವೇ ಉಷ್ಣ ಹೊಮ್ಮಿಸುವುದರಿಂದ ಒಳಗಿನ ತಾಪ ಹೊರಗಿನದನ್ನು ಮೀರಿ ರಾಳ ಸುಟ್ಟೀತು. ಡೈಎಲೆಕ್ಟ್ರಿಕ್ ಸಂವೇದಕ ಇನ್ನೂ ಸೂಕ್ಷ್ಮ: ರಾಳ ಗಟ್ಟಿಯಾದಂತೆ ಅದರೊಳಗಿನ ಅಯಾನುಗಳ ಚಲನೆ ಮಂದವಾಗುವುದನ್ನು ಅಳೆದು, ಜೆಲ್ ಆಗುವ ಹೊತ್ತು ಸಮೀಪಿಸಿದುದನ್ನು ಸೂಚಿಸುತ್ತದೆ. ಪದರಗಳ ನಡುವೆ ಹುದುಗಿಸುವ ಆಪ್ಟಿಕಲ್ ಫೈಬರ್ ಸಂವೇದಕಗಳು ಒಳಗಿನ ಎಳೆತವನ್ನೂ ಅಳೆಯಬಲ್ಲವು. ಸಣ್ಣ ಘಟಕಕ್ಕೆ ಸದ್ಯ ಅವುಗಳ ಅಗತ್ಯ ಕಾಣದು.

ಹಣ ಮೊದಲು ಹೋಗಬೇಕಾದುದು ನಂಬಲರ್ಹ ವ್ಯಾಕ್ಯೂಮ್ ಮಾಪಕಕ್ಕೆ. ಕಾವು ಕೊಡುವ ಮುನ್ನ ಪಂಪಿನ ಸಂಪರ್ಕ ಮುಚ್ಚಿ ಕೆಲವು ನಿಮಿಷ ಮುಳ್ಳನ್ನು ಗಮನಿಸಿದರೆ ಚೀಲದ ಸೋರಿಕೆ ತಿಳಿಯುತ್ತದೆ. ಶೀತಲಪೆಟ್ಟಿಗೆಯಿಂದ ತೆಗೆದ ಪ್ರಿಪ್ರೆಗ್ ಸುರುಳಿಯನ್ನು ಕೋಣೆಯ ತಾಪಕ್ಕೆ ಬರುವ ಮೊದಲೇ ಬಿಚ್ಚಿದರೆ ಅದರ ಮೇಲೆ ನೀರು ಕಟ್ಟುತ್ತದೆ. ಮುಂದೆ ಆ ನೀರೇ ಗುಳ್ಳೆ. ಇದನ್ನು ಯಾವ ಸಂವೇದಕವೂ ಸರಿಪಡಿಸದು. ತಾಪ, ಒತ್ತಡ, ವ್ಯಾಕ್ಯೂಮ್‌ಗಳ ದಾಖಲೆಯನ್ನು ಪ್ರತಿ ಭಾಗದ ಸಂಖ್ಯೆಯೊಡನೆ ಜೋಪಾನ ಮಾಡತಕ್ಕದ್ದು. ವಿಮಾನೋದ್ಯಮದ ಖರೀದಿದಾರರು ಮಾಲಿನ ಜೊತೆ ಅದನ್ನೂ ಕೇಳುತ್ತಾರೆ.