ಬೆಲ್ಲದ ಹದವೂ ಗುಣಮಟ್ಟದ ಶಾಸ್ತ್ರವೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆಗಳ ನಾಲೆಯ ಬಯಲುಗಳಲ್ಲಿ ಸಂಚರಿಸಿದವರಿಗೆ ಆಲೆಮನೆಯ ಹೊಗೆಯೂ ಪಾಕದ ಕಂಪೂ ಅಪರಿಚಿತವಲ್ಲ. ಒಂದೇ ಗದ್ದೆಯ ಕಬ್ಬಿನಿಂದ ಇಂದು ಗಟ್ಟಿಯಾದ ಬೆಲ್ಲವೂ ನಾಳೆ ಜಿನುಗುವ ಬೆಲ್ಲವೂ ಬರುವುದುಂಟು. ಇದಕ್ಕೆ ಕಾರಣವೇನು?

ಕಬ್ಬಿನ ರಸದಲ್ಲಿರುವ ಸುಕ್ರೋಸ್ ಎಂಬ ಸಕ್ಕರೆಯು ಆಮ್ಲ ಮತ್ತು ಶಾಖಗಳಿಗೆ ಸಿಕ್ಕಿ ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ಕಡಿದ ಕಬ್ಬನ್ನು ಅರೆಯದೆ ದಿನಗಟ್ಟಲೆ ಇಟ್ಟರೂ ಪರಿಣಾಮ ಇದೇ. ಒಡೆದ ಸಕ್ಕರೆ ಹೆಚ್ಚಿದಷ್ಟೂ ಬೆಲ್ಲವು ಗಾಳಿಯ ತೇವವನ್ನು ಹೀರಿ ಮೆತ್ತಗಾಗುತ್ತದೆ. ಆದುದರಿಂದಲೇ ರಸಕ್ಕೆ ಸುಣ್ಣದ ತಿಳಿಯನ್ನು ಬೆರೆಸಿ ಹುಳಿಯನ್ನು ತಗ್ಗಿಸುವುದು. ಬೆಂಡೆಗಿಡದ ಲೋಳೆಯನ್ನು ಹಾಕಿ ಕಶ್ಮಲವನ್ನು ತೇಲಿಸಿ ತೆಗೆಯುವುದು. ಪಾಕವು ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಳಿಸಬೇಕು.

ತಯಾರಿಕೆಯ ಇಂತಹ ಏರುಪೇರುಗಳನ್ನು ಅರಿಯಲು ಅಮೆರಿಕದ ವಾಲ್ಟರ್ ಶೂಹಾರ್ಟರು 1924ರಲ್ಲಿ ನಿಯಂತ್ರಣ ನಕ್ಷೆಯನ್ನು ರೂಪಿಸಿದರು. ಪ್ರತಿಯೊಂದು ಪಾಕವನ್ನೂ ಇಳಿಸಿದಾಗಿನ ಉಷ್ಣತೆಯನ್ನು ಚುಕ್ಕೆಗಳಾಗಿ ಗುರುತಿಸಿದೆವೆನ್ನಿ. ಚುಕ್ಕೆಗಳು ಲೆಕ್ಕಾಚಾರದಿಂದ ಹಾಕಿದ ಎರಡು ಗೆರೆಗಳೊಳಗೆ ಕ್ರಮವಿಲ್ಲದೆ ಚದರಿದ್ದರೆ ಅದು ಸಹಜವಾದ ಏರಿಳಿತ. ಗೆರೆಯನ್ನು ಮೀರಿದರೆ ವಿಶೇಷ ಕಾರಣವನ್ನು ಹುಡುಕತಕ್ಕದ್ದು.

ಆದರೆ ಆ ಕಾರಣವನ್ನು ನಕ್ಷೆ ಹೇಳಲಾರದು. ತೊಟ್ಟು ಪಾಕವನ್ನು ತಣ್ಣೀರಿನಲ್ಲಿ ಬಿಟ್ಟು, ಬೆರಳಿನಿಂದ ಉಂಡೆ ಕಟ್ಟಿ ಹದವನ್ನು ಅರಿಯುವ ಕೆಲಸಗಾರನು ಹೇಳಬಲ್ಲನು. ಕಬ್ಬಿನ ಗಾಡಿ ಎರಡು ದಿನ ತಡವಾಯಿತೆಂಬುದೂ, ಒಲೆಗಿಕ್ಕಿದ ಸಿಪ್ಪೆ ಹಸಿಯಾಗಿತ್ತೆಂಬುದೂ ಅವನಿಗೆ ಗೊತ್ತು. ಜಪಾನಿನಲ್ಲಿ 1962ರಿಂದ ಹಬ್ಬಿದ ಗುಣಮಟ್ಟದ ವೃತ್ತಗಳ ತಿರುಳೂ ಇದೇ: ಕೆಲಸ ಮಾಡುವವರೇ ಒಟ್ಟಾಗಿ ಕುಳಿತು ದೋಷವನ್ನು ವಿಚಾರಿಸುವುದು.

ಹಾಗೆ ಕೇಳಬೇಕಾದರೆ ಅವನಿಗೆ ಬೈಗುಳದ ಭಯವಿರಕೂಡದು. ಬಹುಪಾಲು ದೋಷಗಳು ವ್ಯವಸ್ಥೆಯವು, ಕೆಲಸಗಾರನವಲ್ಲವೆಂದು ಎಡ್ವರ್ಡ್ಸ್ ಡೆಮಿಂಗರು ಸಾರಿದರು. ಬೆಲ್ಲದ ಬಣ್ಣವನ್ನೇ ನೋಡೋಣ. ಕೊಳ್ಳುವವರು ಹಳದಿ ಬೆಲ್ಲಕ್ಕೆ ಹೆಚ್ಚು ಬೆಲೆ ಕೊಡುವುದರಿಂದ ಸೋಡಿಯಂ ಹೈಡ್ರೋಸಲ್ಫೈಟನ್ನು ಬೆರೆಸುವ ರೂಢಿ ಬೆಳೆಯಿತು. ಅದರಿಂದ ಉಳಿಯುವ ಗಂಧಕದ ಡೈಆಕ್ಸೈಡಿಗೆ ಆಹಾರದ ಕಾನೂನು ಮಿತಿ ಹಾಕಿದೆ. ಒಲೆಯ ಮುಂದೆ ಬೇಯುವ ಆಳನ್ನು ಗದರಿಸಿದರೆ ಈ ರೂಢಿ ನಿಲ್ಲದು. ಕಂದು ಬೆಲ್ಲಕ್ಕೂ ನ್ಯಾಯವಾದ ಬೆಲೆ ದೊರೆತರೆ ನಿಂತೀತು.

ಥರ್ಮಾಮೀಟರು ಉಷ್ಣತೆಯನ್ನು ಅಳೆಯುತ್ತದೆ, ಗಣಿತವು ಏರಿಳಿತವನ್ನು ತೂಗುತ್ತದೆ. ಆಲೆಮನೆಯನ್ನು ನೋಡಲು ಹೋಗುವ ವಿದ್ಯಾರ್ಥಿಗಳು ಇವೆರಡನ್ನೂ ಅವಶ್ಯವಾಗಿ ಬಳಸಲಿ, ಬಳಿಕ ಪಾಕ ನೋಡುವವನನ್ನು “ಇಂದು ಹೀಗೇಕಾಯಿತು?” ಎಂದು ಕೇಳಿ, ಅವನ ಉತ್ತರವನ್ನೂ ನಕ್ಷೆಯ ಪಕ್ಕದಲ್ಲಿ ಬರೆದುಕೊಳ್ಳಲಿ.